ನಂಬರ್ ಒನ್ ಇಲ್ಲದ ಬ್ಯಾಂಡಿನ ಪರ ವಾದ ಮಾಡುವುದು ಹೇಗೆ

ಬ್ರಿಟನ್ನಿನ ಸಿಂಥಸೈಜರ್ (ಸಿಂಥ್) ಬ್ಯಾಂಡ್ ಡಿಪೆಷ್ ಮೋಡ್‌ನ ಹಾಡುಗಳನ್ನು ಇಷ್ಟಪಡುವವರಿಗೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. "ನಲವತ್ತು ವರ್ಷದಿಂದ ಹಾಡ್ತಿದ್ದಾರೆ ಅಂತೀಯ, ಅವರದೇ ದೇಶದಲ್ಲಿ ಒಂದಾದ್ರೂ ನಂಬರ್ ಒನ್ ಸಿಂಗಲ್ ಇದೆಯಾ?" ಇಲ್ಲ. 1981ರಲ್ಲಿ ಮೊದಲ ಸಿಂಗಲ್ (ಒಂದು ಹಾಡನ್ನೇ ಬೇರೆಯಾಗಿ ಮಾರುವ ರೆಕಾರ್ಡ್) ಬಂತು, ಇವತ್ತಿನವರೆಗೂ ಬ್ರಿಟನ್ನಿನ ವಾರದ ಹಿಟ್ ಹಾಡುಗಳ ಪಟ್ಟಿಯಲ್ಲಿ, ಅಂದರೆ ಚಾರ್ಟಿನಲ್ಲಿ, ಒಂದು ಹಾಡೂ ತುದಿ ಮುಟ್ಟಿಲ್ಲ. ಅತಿ ಮೇಲೆ ಹೋಗಿದ್ದೂ 4ಕ್ಕೇ ನಿಂತಿದೆ, ಅದೂ ಮೂರು ಸಲ.

ಈ ಪ್ರಶ್ನೆ ಕೇಳಿದ ಕೂಡಲೇ ನಮ್ಮವರು ಎರಡು ರೀತಿ ಮಾಡುತ್ತಾರೆ. ಕೆಲವರು ಸಿಟ್ಟಾಗುತ್ತಾರೆ. ಇನ್ನು ಕೆಲವರು "ಚಾರ್ಟ್ ಎಲ್ಲ ಸುಮ್ನೆ, ಸಂಗೀತ ಮುಖ್ಯ" ಎಂದು ಜಾರಿಕೊಳ್ಳುತ್ತಾರೆ. ಎರಡೂ ಬೇಡ. ಚಾರ್ಟನ್ನು ಸರಿಯಾಗಿ ಓದಲು ಕಲಿತರೆ ಆ ನಂಬರುಗಳೇ ನಿಮ್ಮ ಕಡೆ ಮಾತಾಡುತ್ತವೆ. ಅದನ್ನು ಮಾಡುವುದು ಹೇಗೆ ಅಂತ ಹೇಳುತ್ತೇನೆ.

ನಾನು ತುಮಕೂರಿನಲ್ಲಿ ಆರ್ಕೆಸ್ಟ್ರಾ ಕೀಬೋರ್ಡ್ ನುಡಿಸುವವನು. ಮದುವೆ ರಿಸೆಪ್ಷನ್, ಗಣಪತಿ ಪೆಂಡಾಲು, ರಾಜ್ಯೋತ್ಸವ, ಇವೇ ನಮ್ಮ ಹೊಟ್ಟೆಪಾಡು. ಆಷಾಢ ಬಂತೆಂದರೆ ಮದುವೆ ಇಲ್ಲ, ಭಾನುವಾರ ಖಾಲಿ. ಆಗ ಹೊರಪೇಟೆ ಕಡೆಯ ನಮ್ಮ ಪ್ರಾಕ್ಟೀಸ್ ರೂಮಿನಲ್ಲಿ ನಾಲ್ಕು ಜನ ಸೇರುತ್ತೇವೆ. ನಾನು, ನಮ್ಮ ಪ್ಯಾಡ್ ಹೊಡೆಯುವ ಹುಡುಗ, ಪಿಯು ಕಾಲೇಜಿನ ಫಿಸಿಕ್ಸ್ ಮೇಷ್ಟ್ರು ಒಬ್ಬರು, ಮೊಬೈಲ್ ರಿಪೇರಿ ಅಂಗಡಿಯ ಅಣ್ಣ. ಮೇಷ್ಟ್ರು ನನಗಿಂತ ಹಳೇ ಅಭಿಮಾನಿ. ಅಂಗಡಿ ಅಣ್ಣನಿಗೆ ಈ ಬ್ಯಾಂಡ್ ಅಷ್ಟಕ್ಕಷ್ಟೇ. ಅವರು ಬರುವುದು ವಾದ ಮಾಡುವುದಕ್ಕೆ. ಇಂಥವರು ಒಬ್ಬರು ಇರಲೇಬೇಕು. ಎಲ್ಲರೂ ಅಭಿಮಾನಿಗಳೇ ಆದರೆ ಅದು ಚರ್ಚೆ ಆಗಲ್ಲ, ಭಜನೆ ಆಗುತ್ತದೆ.

ಮೊದಲು ಹಾಡುಗಳ ಕ್ರಮ ನೋಡಿಕೊಳ್ಳಿ. ಫೋನಿನ ಆ್ಯಪಿನಲ್ಲಿ ಬ್ಯಾಂಡಿನ ಹೆಸರು ಹೊಡೆದು ಮೇಲೆ ಬಂದ ಹತ್ತು ಹಾಡು ಹಾಕಬೇಡಿ. ಅದು ಇವತ್ತು ಜನ ಏನು ಕೇಳುತ್ತಿದ್ದಾರೆ ಎನ್ನುವ ಪಟ್ಟಿ. ಅದರಲ್ಲಿ 1990ರ ಹಾಡಿನ ಪಕ್ಕ 1981ರದ್ದು ಕೂತಿರುತ್ತದೆ, ಕಥೆ ಗೊತ್ತಾಗುವುದಿಲ್ಲ. 'ದ ಸಿಂಗಲ್ಸ್ 81-85' ಮತ್ತು 'ದ ಸಿಂಗಲ್ಸ್ 86-98' ಅಂತ ಎರಡು ಸಂಗ್ರಹಗಳಿವೆ. ಎರಡನೆಯದರ ತುದಿಯ ಎರಡು ಹಾಡು ಬಿಟ್ಟರೆ ಎರಡರಲ್ಲೂ ಹಾಡುಗಳು ಬಿಡುಗಡೆಯಾದ ಕ್ರಮದಲ್ಲೇ ಇವೆ. ಅವನ್ನು ಹಾಕಿ, ಷಫಲ್ ಆಫ್ ಮಾಡಿ. ಹಾಡು ಮುಗಿಯುವ ತನಕ ಯಾರೂ ಬಾಯಿ ಬಿಡುವಂತಿಲ್ಲ. ಈ ನಿಯಮ ಪಾಲಿಸುವುದು ಬಹಳ ಕಷ್ಟ, ಅದರಲ್ಲೂ ಮೇಷ್ಟ್ರಿಗೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹಾಡು, ವರ್ಷ, ಬ್ರಿಟನ್ ಸ್ಥಾನ, ಅಮೆರಿಕ ಸ್ಥಾನ. ಕೊನೆಯಲ್ಲಿ ಅಗಲವಾದ ಒಂದು ಕಾಲಂ, "ಆಮೇಲೆ ಏನಾಯಿತು" ಅಂತ. ನಿಜವಾದ ಮಾಲು ಇರುವುದು ಆ ಕೊನೆಯ ಕಾಲಮ್ಮಿನಲ್ಲಿ.

ಚಾರ್ಟ್ ಏನನ್ನು ಎಣಿಸುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರಬೇಕು, ಇಲ್ಲದಿದ್ದರೆ ಅರ್ಧ ಜಗಳ ಅದರಲ್ಲೇ ಕಳೆಯುತ್ತದೆ. ಬ್ರಿಟನ್ನಿನ ಪಟ್ಟಿ 1952ರಲ್ಲಿ ಶುರುವಾಯಿತು. ಎಂಬತ್ತು, ತೊಂಬತ್ತರ ದಶಕದಲ್ಲಿ ಅದು ನೋಡುತ್ತಿದ್ದುದು ಒಂದೇ ವಿಷಯ: ಆ ವಾರ ಅಂಗಡಿಗಳಲ್ಲಿ ಎಷ್ಟು ಸಿಂಗಲ್ ಮಾರಾಟವಾಯಿತು. ರೇಡಿಯೋದಲ್ಲಿ ಎಷ್ಟು ಸಲ ಹಾಕಿದರು ಅನ್ನುವುದು ಲೆಕ್ಕಕ್ಕಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಹಾಗಲ್ಲ. 1958ರಿಂದ ನಡೆದುಬಂದ ಆ ಪಟ್ಟಿಯಲ್ಲಿ ಮಾರಾಟದ ಜೊತೆ ರೇಡಿಯೋ ಕೂಡ ಸೇರುತ್ತದೆ. ಹಾಗಾಗಿ ಅಭಿಮಾನಿಗಳು ಜಾಸ್ತಿ, ರೇಡಿಯೋ ಕಡಿಮೆ ಇರುವ ಬ್ಯಾಂಡಿಗೆ ಬ್ರಿಟನ್ ಪಟ್ಟಿ ಸುಲಭ, ಅಮೆರಿಕ ಕಷ್ಟ. ಡಿಪೆಷ್ ಮೋಡ್ ಅಂಥದ್ದೇ ಬ್ಯಾಂಡ್.

ಈಗ ನಮ್ಮ ಮುಖ್ಯ ಆಟ. ನಾವು ಇದನ್ನು ಮೂರು ನಾಲ್ಕುಗಳ ಆಟ ಅಂತ ಕರೆಯುತ್ತೇವೆ. 4ನೇ ಸ್ಥಾನ ಮುಟ್ಟಿದ ಮೂರು ಸಿಂಗಲ್‌ಗಳು 'ಪೀಪಲ್ ಆರ್ ಪೀಪಲ್' 1984ರಲ್ಲಿ, 'ಬ್ಯಾರೆಲ್ ಆಫ್ ಎ ಗನ್' 1997ರಲ್ಲಿ, 'ಪ್ರೆಷಸ್' 2005ರಲ್ಲಿ. ಮೂರನ್ನೂ ಒಂದರ ಹಿಂದೆ ಒಂದು ಹಾಕಿ. ಆಮೇಲೆ ಕೇಳಿ, ಈ ಮೂರು ನಾಲ್ಕುಗಳೂ ಒಂದೇನಾ?

ಅಂಗಡಿ ಅಣ್ಣ ಖಂಡಿತ "ನಾಲ್ಕು ಅಂದ್ರೆ ನಾಲ್ಕೇ ಕಣಯ್ಯ" ಅನ್ನುತ್ತಾರೆ. ಆಗ ನೋಟ್‌ಬುಕ್ ತೆರೆಯಿರಿ. 1984ರ ಹಾಡು ಕೆಳಗಿಂದ ಏರಿ ಬಂದಿದ್ದು. ಅಂದರೆ ಬ್ಯಾಂಡಿನ ಹೆಸರು ಗೊತ್ತಿಲ್ಲದವರೂ ರೇಡಿಯೋದಲ್ಲಿ ಕೇಳಿ, ಟಿವಿಯಲ್ಲಿ ನೋಡಿ, ಅಂಗಡಿಗೆ ಹೋಗಿ ಕೊಂಡಿದ್ದಾರೆ. ಅದೇ ಹಾಡು ಪಶ್ಚಿಮ ಜರ್ಮನಿಯಲ್ಲಿ ನಂಬರ್ ಒನ್ ಆಯಿತು. ಮರುವರ್ಷ ಅಮೆರಿಕದಲ್ಲಿ 13ನೇ ಸ್ಥಾನ ಮುಟ್ಟಿತು. 1997ರದ್ದು ಬೇರೆಯೇ. ಮೊದಲ ವಾರವೇ ನೇರ 4ಕ್ಕೆ ಬಂದು ಕೂತು, ಆಮೇಲೆ ಜಾರಿತು. ಅದಕ್ಕೂ ಕಾರಣ ಇದೆ. ಕೀಬೋರ್ಡ್ ನುಡಿಸುತ್ತಿದ್ದ ಅಲನ್ ವೈಲ್ಡರ್ 1995ರಲ್ಲಿ ಬ್ಯಾಂಡ್ ಬಿಟ್ಟಿದ್ದರು. ಗಾಯಕ ಡೇವ್ ಗಹಾನ್ 1996ರಲ್ಲಿ ಡ್ರಗ್ಸ್ ಜಾಸ್ತಿಯಾಗಿ ಸಾವಿನ ಬಾಗಿಲು ತಟ್ಟಿ ಬಂದಿದ್ದರು. ಬ್ಯಾಂಡ್ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದಾಗ ಬಂದ ಸಿಂಗಲ್ ಅದು. ಅಭಿಮಾನಿಗಳು ಮೊದಲ ವಾರವೇ ಮುಗಿಬಿದ್ದರು. ನಮ್ಮ ಟಾಕೀಸಿನ ಭಾಷೆಯಲ್ಲಿ ಹೇಳಬೇಕೆಂದರೆ 1997ರದ್ದು ಮೊದಲ ದಿನದ ಹೌಸ್‌ಫುಲ್ಲು, 1984ರದ್ದು ನೂರು ದಿನದ ಓಟ. ಬೋರ್ಡಿನ ಮೇಲೆ ಎರಡಕ್ಕೂ ಅದೇ 4.

ತೊಂಬತ್ತರ ದಶಕದಲ್ಲಿ ಇದು ಇವರೊಬ್ಬರ ವಿಷಯ ಆಗಿರಲಿಲ್ಲ. ಒಂದೇ ಸಿಂಗಲ್ಲನ್ನು ಎರಡು ಸಿಡಿ ಮಾಡಿ, ಒಂದೊಂದರಲ್ಲಿ ಬೇರೆ ಬೇರೆ ರೀಮಿಕ್ಸ್ ಹಾಕಿ ಮಾರುವುದು ಕಂಪನಿಗಳ ಅಭ್ಯಾಸ. ನಿಷ್ಠಾವಂತ ಅಭಿಮಾನಿ ಎರಡನ್ನೂ ಕೊಳ್ಳುತ್ತಾನೆ. ಹಾಗಾಗಿ ಆ ಕಾಲದ ಮೊದಲ ವಾರದ ಸ್ಥಾನವನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. 'ಪ್ರೆಷಸ್' ಕೂಡ ಮೊದಲ ವಾರವೇ 4ಕ್ಕೆ ಬಂದಿದ್ದು. ಹಾಡು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಎದುರಿನವರು ಅಮೆರಿಕದ ವಿಷಯ ಎತ್ತಿದರೆ ಖುಷಿಪಡಿ, ನಿಮ್ಮ ಕೈಯಲ್ಲಿ ಒಳ್ಳೇ ಅಸ್ತ್ರ ಇದೆ. 1985ರಲ್ಲಿ 13ಕ್ಕೆ ಹೋದ ಮೇಲೆ ಹಾಟ್ 100ರ ಮೊದಲ ನಲವತ್ತರೊಳಗೆ ಇವರ ಇನ್ನೊಂದು ಹಾಡು ಬಂದಿದ್ದು 1990ರಲ್ಲಿ, 'ಪರ್ಸನಲ್ ಜೀಸಸ್', 28ನೇ ಸ್ಥಾನ. ನಡುವೆ 'ನೆವರ್ ಲೆಟ್ ಮಿ ಡೌನ್ ಅಗೇನ್' 63, 'ಬಿಹೈಂಡ್ ದ ವೀಲ್' 61. ಪಟ್ಟಿ ಮಾತ್ರ ನೋಡಿದರೆ ಬ್ಯಾಂಡ್ ಅಲ್ಲಿ ಮಕಾಡೆ ಮಲಗಿತ್ತು ಅನ್ನಬೇಕು. ಆದರೆ ಅದೇ ನಡುವಿನ ವರ್ಷಗಳಲ್ಲಿ, 1988ರ ಜೂನ್ 18ರಂದು, ಕ್ಯಾಲಿಫೋರ್ನಿಯಾದ ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ 60 ಸಾವಿರಕ್ಕೂ ಜಾಸ್ತಿ ಜನ ಟಿಕೆಟ್ ಕೊಂಡು ಬಂದಿದ್ದರು. ಹಿಟ್ ಇಲ್ಲದ ಬ್ಯಾಂಡಿಗೆ ಅಷ್ಟು ಜನ! ಆ ಸಂಜೆ ಜನ 'ಎವೆರಿಥಿಂಗ್ ಕೌಂಟ್ಸ್' ಹಾಡನ್ನು ವಾದ್ಯ ನಿಂತ ಮೇಲೂ ಹಾಡುತ್ತಲೇ ಇದ್ದರು. ಆ ಲೈವ್ ಆವೃತ್ತಿ 1989ರಲ್ಲಿ ಸಿಂಗಲ್ ಆಗಿ ಬಂತು, ಬ್ರಿಟನ್ನಿನಲ್ಲಿ 22. ಅದೇ ಹಾಡಿನ 1983ರ ಮೂಲ ಸಿಂಗಲ್ 6ಕ್ಕೆ ಹೋಗಿತ್ತು. ನನ್ನನ್ನು ಕೇಳಿದರೆ 22ನೇ ಸ್ಥಾನದ್ದೇ ಮೇಲು. ಜನರ ದನಿ ಸೇರಿದ ಮೇಲೆ ಆ ಹಾಡಿಗೆ ಬೇರೆಯೇ ಮೈ ಬಂತು. ಮೇಷ್ಟ್ರು ಇದನ್ನು ಒಪ್ಪುವುದಿಲ್ಲ.

ಮೇಷ್ಟ್ರಿಗೂ ನನಗೂ ಇನ್ನೊಂದು ಹಳೇ ತಕರಾರಿದೆ: ಬ್ಯಾಂಡಿಗೆ ಹಾಡು ಬರೆಯುವುದರಲ್ಲಿ ವಿನ್ಸ್ ಕ್ಲಾರ್ಕ್ ಮೇಲೋ, ಮಾರ್ಟಿನ್ ಗೋರ್ ಮೇಲೋ? ನಿಮ್ಮ ಗುಂಪಿನಲ್ಲೂ ಇದು ಬರುತ್ತದೆ, ತಯಾರಾಗಿರಿ. ಮೊದಲ ಮೂರು ಸಿಂಗಲ್‌ಗಳು ವಿನ್ಸ್ ಬರೆದವು. ಬ್ರಿಟನ್ನಿನಲ್ಲಿ ಅವುಗಳ ಸ್ಥಾನ 57, 11, 8. ಮೂರನೆಯದು 'ಜಸ್ಟ್ ಕಾಂಟ್ ಗೆಟ್ ಇನಫ್'. 1981ರ ಕೊನೆಗೆ ವಿನ್ಸ್ ಬ್ಯಾಂಡ್ ಬಿಟ್ಟರು. ಹಾಡು ಬರೆಯುವವನೇ ಹೋದ, ಇನ್ನೇನು ಕಥೆ ಮುಗಿಯಿತು ಅಂದುಕೊಳ್ಳುವಾಗ ಗೋರ್ ಬರೆದ 'ಸೀ ಯು' 1982ರಲ್ಲಿ 6ಕ್ಕೆ ಹೋಯಿತು. ವಿನ್ಸ್ ಮುಟ್ಟಿದ ಜಾಗಕ್ಕಿಂತ ಎರಡು ಮೆಟ್ಟಿಲು ಮೇಲೆ. ನಾನು ಇದನ್ನು ಹೇಳಿ ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಶುರುಮಾಡುತ್ತಾರೆ. "ವಿನ್ಸ್ ಬಿಟ್ಟು ಹೋದ ಮರುವರ್ಷವೇ ಯಾಝೂ ಅಂತ ತಂಡದಲ್ಲಿ 'ಓನ್ಲಿ ಯು' ಮಾಡಿದ, ನಂಬರ್ 2. ಅದರ ಮರುವರ್ಷ ಫ್ಲೈಯಿಂಗ್ ಪಿಕೆಟ್ಸ್ ಅನ್ನೋ ತಂಡ ಅದೇ ಹಾಡನ್ನ ವಾದ್ಯವೇ ಇಲ್ಲದೆ ಬರೀ ಬಾಯಲ್ಲಿ ಹಾಡಿ ಕ್ರಿಸ್‌ಮಸ್ ನಂಬರ್ ಒನ್ ಮಾಡಿತು. ಆಮೇಲೆ ಇರೇಷರ್ ಕಟ್ಟಿ 1992ರಲ್ಲಿ ತಾನೇ ನಂಬರ್ ಒನ್ ಮುಟ್ಟಿದ. ನಿನ್ನ ಗೋರ್ ಎಲ್ಲಿದ್ದಾನಪ್ಪಾ?" ಸಿಂಥ್ ಬ್ಯಾಂಡಿನ ಹುಡುಗ ಬರೆದ ಹಾಡು ಸಿಂಥ್ ಇಲ್ಲದೇ ತುದಿ ಮುಟ್ಟಿತಲ್ಲ ಅಂತ ನನಗೂ ನಗು ಬರುತ್ತದೆ. ಆದರೆ ಇರೇಷರ್ ತುದಿ ಮುಟ್ಟಿದ್ದು ಆಬಾ ತಂಡದ ಹಾಡುಗಳನ್ನು ಹಾಡಿ. ಇದನ್ನು ನೆನಪಿಟ್ಟುಕೊಳ್ಳಿ, ಮೇಷ್ಟ್ರಂಥವರ ಬಾಯಿ ಮುಚ್ಚಿಸಲು ಬೇಕಾಗುತ್ತದೆ.

'ಜಸ್ಟ್ ಕಾಂಟ್ ಗೆಟ್ ಇನಫ್' ಬಗ್ಗೆ ಇನ್ನೊಂದು ಮಾತು. 2009ರಲ್ಲಿ ದ ಸ್ಯಾಟರ್ಡೇಸ್ ಅನ್ನುವ ಹುಡುಗಿಯರ ತಂಡ ಅದನ್ನು ಮತ್ತೆ ಹಾಡಿ 2ಕ್ಕೆ ತಂದಿತು. ಮೂಲ ಹಾಡಿಗಿಂತ ಆರು ಸ್ಥಾನ ಮೇಲೆ. ಆದರೆ ಫುಟ್‌ಬಾಲ್ ಮೈದಾನದಲ್ಲಿ ಸೆಲ್ಟಿಕ್, ಲಿವರ್‌ಪೂಲ್ ಅಭಿಮಾನಿಗಳ ಬಾಯಲ್ಲಿ ಇರುವುದು ಆ ಹಳೇ ಕೀಬೋರ್ಡ್ ಟ್ಯೂನು. ನಾವೂ ರಿಸೆಪ್ಷನ್‌ನಲ್ಲಿ ಹುಡುಗ ಹುಡುಗಿ ಸ್ಟೇಜ್ ಹತ್ತುವಾಗ ಆ ಟ್ಯೂನನ್ನು ಸುಮ್ನೆ ಒಂದು ಸುತ್ತು ನುಡಿಸಿ ಬಿಡುತ್ತೇವೆ. ಯಾವ ಹಾಡು ಅಂತ ಯಾರೂ ಕೇಳಿಲ್ಲ. ಕಾಲು ಮಾತ್ರ ಕುಣಿಯುತ್ತದೆ.

ಬರೀ ನಂಬರಿನಲ್ಲೇ ಕೂತರೆ ಬೇಜಾರಾಗುತ್ತದೆ. ನಿಮ್ಮ ಹತ್ತಿರ ಕೀಬೋರ್ಡ್ ಇದ್ದರೆ ಒಂದು ಪ್ರಯೋಗ ಮಾಡಿ. 'ಎಂಜಾಯ್ ದ ಸೈಲೆನ್ಸ್' ಎಲ್ಲರಿಗೂ ಗೊತ್ತಿರುವ ಹಾಡು. 1990ರಲ್ಲಿ ಬ್ರಿಟನ್ನಿನಲ್ಲಿ 6, ಅಮೆರಿಕದಲ್ಲಿ 8. ಗೋರ್ ಇದನ್ನು ಮೊದಲು ಮಾಡಿಕೊಂಡು ಬಂದಾಗ ಹಾಡು ಬಹಳ ನಿಧಾನವಾಗಿತ್ತು, ಹಾರ್ಮೋನಿಯಂ ಜೊತೆ ಹಾಡಿದ ಡೆಮೊ. ವೈಲ್ಡರ್ ಮತ್ತು ನಿರ್ಮಾಪಕ ಫ್ಲಡ್ ಸೇರಿ ಇದಕ್ಕೆ ವೇಗ ಕೊಡೋಣ, ಬೀಟ್ ಹಾಕೋಣ ಅಂದರು. ಗೋರ್‌ಗೆ ಮೊದಲು ಇಷ್ಟವಾಗಲಿಲ್ಲ. ಹೆಸರೇ ಮೌನದ ಹಾಡು, ಅದಕ್ಕೆ ಡ್ಯಾನ್ಸ್ ಬೀಟಾ ಅಂತ. ಆಮೇಲೆ ಒಪ್ಪಿ ಆ ಗಿಟಾರ್ ಎಳೆ ಸೇರಿಸಿದರು.

ಹಾಗೆ ಮಾಡಿ ನೋಡಿ. ಕೀಬೋರ್ಡಿನಲ್ಲಿ ಭಜನೆ ಮಂಡಳಿಗೆ ಬಳಸುವ ಹಾರ್ಮೋನಿಯಂ ಟೋನ್ ಹಾಕಿ. ಹಾಡು ಸಿ ಮೈನರಿನಲ್ಲಿದೆ, ನಮ್ಮ ಲೆಕ್ಕದಲ್ಲಿ ಬಿಳಿ ಒಂದರ ಶ್ರುತಿ. ಟೆಂಪೊ 60ಕ್ಕೆ ಇಳಿಸಿ, ಎಡಗೈಯಲ್ಲಿ ಬರೀ ಸ್ವರ ಹಿಡಿದು, ಬಲಗೈಯಲ್ಲಿ ಪಲ್ಲವಿ ನುಡಿಸಿ. ರೂಮಿನಲ್ಲಿ ಎಲ್ಲರ ಮುಖವೂ ಸಪ್ಪೆಯಾಗುತ್ತದೆ. ಸಪ್ಪೆಯಾಗಲಿ, ಹಾಡಿನೊಳಗೆ ಎಷ್ಟು ದುಃಖ ಇದೆ ಅಂತ ಗೊತ್ತಾಗುವುದು ಆಗಲೇ. ಈಗ ಟೋನ್ ಬದಲಿಸಿ ಸ್ಟ್ರಿಂಗ್ಸ್ ಹಾಕಿ, ಟೆಂಪೊ 113ರ ಆಸುಪಾಸಿಗೆ ತನ್ನಿ, ಪ್ಯಾಡಿನವನಿಗೆ ನಾಲ್ಕೂ ಪೆಟ್ಟಿಗೆ ಕಿಕ್ ಹೊಡೆಯಲು ಹೇಳಿ. ಅದೇ ದುಃಖ, ಆದರೆ ಈಗ ಕುಣಿಯಬಹುದು. ಅಂಗಡಿ ಅಣ್ಣನಂಥ ಅಣ್ಣನೇ ಎದೆ ಮೇಲಿನ ಕೈ ತೆಗೆದು ತೊಡೆ ತಟ್ಟಿದರು. ಈ ಹಾಡು 6ಕ್ಕೇ ನಿಂತಿತಲ್ಲ ಅಂದವರಿಗೆ ಹೇಳಿ: 1991ರ ಬ್ರಿಟ್ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಬ್ರಿಟಿಷ್ ಸಿಂಗಲ್ ಆಗಿ ಗೆದ್ದಿದ್ದು ಇದೇ. ಅದನ್ನು ಐದು ಹಾಡುಗಳು ಹಿಂದೆ ಹಾಕಿದ್ದವಲ್ಲ, ಅವು ಯಾವುವು ಅಂತ ಒಮ್ಮೆ ಕೇಳಿ ನೋಡಿ.

ಪ್ಯಾಡ್ ಹೊಡೆಯುವವರು ಗುಂಪಿನಲ್ಲಿದ್ದರೆ 'ಸ್ಟ್ರಿಪ್ಡ್' ಬಿಡಬೇಡಿ. 1986, ಬ್ರಿಟನ್ 15. ಅದರ ಶುರುವಿನಲ್ಲಿ ಗುರ್ ಗುರ್ ಅನ್ನುವ ಒಂದು ತಾಳ ಇದೆ, ಅದು ಡ್ರಮ್ ಅಲ್ಲ, ನಿಂತಲ್ಲೇ ಓಡುತ್ತಿರುವ ಮೋಟಾರ್‌ಸೈಕಲ್ ಇಂಜಿನ್. ಅದರ ಶಬ್ದ ಹಿಡಿದು ನಿಧಾನ ಮಾಡಿದ್ದಾರೆ. ಗಹಾನ್ ಅವರ ಪೋರ್ಷೆ ಕಾರು ಸ್ಟಾರ್ಟ್ ಆಗುವ ಸದ್ದೂ ಇದೆ, ಪಟಾಕಿಯೂ ಇದೆ. ನಮ್ಮ ಹುಡುಗ ಇದನ್ನು ಕೇಳಿದವನೇ ಕೆಳಗೆ ಓಡಿ, ದಿನಸಿ ಅಂಗಡಿಯವರ ಟಿವಿಎಸ್ ಮೊಪೆಡ್ಡನ್ನು ಸ್ಟ್ಯಾಂಡ್ ಹಾಕಿ ಸ್ಟಾರ್ಟ್ ಮಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದ. ಸ್ಯಾಂಪಲ್ ಹಾಕಿಕೊಳ್ಳುವ ಪ್ಯಾಡಿಗೆ ಅದನ್ನು ಏರಿಸಿ, ಪಿಚ್ ಒಂದು ಆಕ್ಟೇವ್ ಕೆಳಗೆ ಇಳಿಸಿದ. ಟೊರ್ ಟೊರ್ ಅನ್ನುತ್ತಿದ್ದ ಮೊಪೆಡ್ಡು ಧಡ್... ಧಡ್... ಅನ್ನತೊಡಗಿತು. ಸೈಲೆನ್ಸರ್ ಹತ್ತಿರ ಫೋನ್ ಹಿಡಿಯಬೇಡಿ, ಗಾಳಿ ಹೊಡೆದು ಸದ್ದು ಒಡೆಯುತ್ತದೆ. ಸೀಟಿನ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಇಡಿ. 'ಪೀಪಲ್ ಆರ್ ಪೀಪಲ್' ಹಾಡಿನ ಕಬ್ಬಿಣದ ಸದ್ದೂ ಇದೇ ಮನೆತನದ್ದು. ಅದಕ್ಕೆ ಒಂದು ವರ್ಷ ಮೊದಲಿನಿಂದ ಇವರು ಲಂಡನ್ನಿನ ಕಟ್ಟಡ ಕಟ್ಟುವ ಜಾಗಗಳಲ್ಲಿ ತಿರುಗಿ, ಕೊಳವೆ, ತಗಡು ಬಡಿದು ಸದ್ದು ಕೂಡಿಡುತ್ತಿದ್ದರು.

ಬಿ ಸೈಡ್‌ಗಳ (ಸಿಂಗಲ್ ರೆಕಾರ್ಡಿನ ಹಿಂಬದಿಯ ಹಾಡುಗಳ) ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಬೇರೆಯೇ ಹುಚ್ಚು. ಒಂದು ಮಾತ್ರ. 'ಸ್ಟ್ರಿಪ್ಡ್' ಹಿಂಬದಿಯಲ್ಲಿ 'ಬಟ್ ನಾಟ್ ಟುನೈಟ್' ಅನ್ನುವ ಹಾಡಿತ್ತು. ಅಮೆರಿಕದ ಕಂಪನಿ ಅದನ್ನೇ ಮುಂಬದಿ ಮಾಡಿ ಬಿಟ್ಟಿತು. ಅಲ್ಲಿ ಅದೂ ಓಡಲಿಲ್ಲ.

ವಾದದಲ್ಲಿ ಮೋಸ ನಡೆಯುವ ಎರಡು ಜಾಗ ಇವೆ. ಒಂದು, ಆಲ್ಬಂ ಮತ್ತು ಸಿಂಗಲ್ ಕಲಸುವುದು. "ನಂಬರ್ ಒನ್ ಇಲ್ಲ ಅಂದ್ಯಲ್ಲ, 1993ರ 'ಸಾಂಗ್ಸ್ ಆಫ್ ಫೇತ್ ಆ್ಯಂಡ್ ಡಿವೋಷನ್' ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ ಒನ್" ಅಂತ ನಮ್ಮ ಹುಡುಗನೇ ಒಮ್ಮೆ ಹಾರಾಡಿದ. ಮಾತು ನಿಜ, ಆದರೆ ಅದು ಆಲ್ಬಂ ಪಟ್ಟಿ. ಸಿಂಗಲ್ಲಿನ ಪ್ರಶ್ನೆಗೆ ಅದು ಉತ್ತರ ಅಲ್ಲ. ನಮ್ಮ ಕಡೆಯವನೇ ಆದರೂ ಇಂಥದ್ದಕ್ಕೆ ಅಂಕ ಕೊಡಬೇಡಿ.

ಎರಡನೆಯದು, 2009ರ ನಂತರದ ಸ್ಥಾನಗಳನ್ನು ಹಳೇದಕ್ಕೆ ಹೋಲಿಸುವುದು. 'ರಾಂಗ್' 24, 'ಪೀಸ್' 57, 2013ರ 'ಹೆವನ್' 60. "ನೋಡು, ಬಿದ್ದೇ ಹೋದ್ರು" ಅನ್ನುತ್ತಾರೆ. ಇಲ್ಲಿ ತಾಳ್ಮೆಯಿಂದ ವಿವರಿಸಬೇಕು. ಆ ಹೊತ್ತಿಗೆ ಅಂಗಡಿಯಲ್ಲಿ ಸಿಂಗಲ್ ಕೊಳ್ಳುವವರೇ ಇರಲಿಲ್ಲ, ಪಟ್ಟಿ ಡೌನ್‌ಲೋಡ್ ಮೇಲೆ ನಡೆಯುತ್ತಿತ್ತು. 2014ರಿಂದ ಸ್ಟ್ರೀಮಿಂಗ್ ಕೂಡ ಸೇರಿತು. ನಲವತ್ತು ದಾಟಿದ ಅಭಿಮಾನಿ ಇಡೀ ಆಲ್ಬಂ ಕೊಳ್ಳುತ್ತಾನೆಯೇ ಹೊರತು ಒಂದು ಹಾಡಿಗೆ ಬೇರೆ ದುಡ್ಡು ಕೊಡುವುದಿಲ್ಲ. ಸಾಕ್ಷಿ ಬೇಕಾದರೆ ಅದೇ ವರ್ಷಗಳ ಆಲ್ಬಂ ನೋಡಿ. 2009ರದ್ದು 2, 2013ರದ್ದು 2. ಶುರುವಿನಿಂದ ಬ್ಯಾಂಡಿನಲ್ಲಿದ್ದ ಆ್ಯಂಡಿ ಫ್ಲೆಚರ್ 2022ರಲ್ಲಿ ತೀರಿಕೊಂಡ ಮೇಲೆ ಇಬ್ಬರೇ ಉಳಿದು ಮಾಡಿದ 2023ರ 'ಮೆಮೆಂಟೊ ಮೋರಿ' ಕೂಡ 2. ಇಲ್ಲಿ ಆಲ್ಬಂ ಲೆಕ್ಕ ತರಬಹುದು, ಏಕೆಂದರೆ ಪ್ರಶ್ನೆ ಜನ ಬಿಟ್ಟು ಹೋದರಾ ಅನ್ನುವುದು. ಇನ್ನೊಂದು ತಮಾಷೆ. ಇವರ ಮೊಟ್ಟಮೊದಲ ಸಿಂಗಲ್ 'ಡ್ರೀಮಿಂಗ್ ಆಫ್ ಮಿ' 1981ರಲ್ಲಿ ನಿಂತಿದ್ದೂ 57ಕ್ಕೇ. ಆಗ ಯಾರಿಗೂ ಇವರು ಗೊತ್ತಿರಲಿಲ್ಲ. 'ಪೀಸ್' ಬಂದಾಗ ಎಲ್ಲರಿಗೂ ಗೊತ್ತಿತ್ತು.

ಕೊನೇ ಕಾಲಂ ತುಂಬಿಸಲು ಮರೆಯಬೇಡಿ. 'ಪರ್ಸನಲ್ ಜೀಸಸ್' ಎದುರು ಬ್ರಿಟನ್ 13 ಅಂತ ಬರೆದು ಬಿಟ್ಟರೆ ಏನೂ ಹೇಳಿದಂತಾಗಲಿಲ್ಲ. ಜಾನಿ ಕ್ಯಾಶ್ ಅಂಥ ಹಿರಿಯ ಹಾಡುಗಾರ 2002ರಲ್ಲಿ ಅದನ್ನು ತಮ್ಮದೇ ಹಾಡು ಅನ್ನುವ ಹಾಗೆ ಹಾಡಿದರು ಅಂತಲೂ ಬರೆಯಿರಿ. 'ನೆವರ್ ಲೆಟ್ ಮಿ ಡೌನ್ ಅಗೇನ್' ಎದುರು ಬ್ರಿಟನ್ 22, ಪಶ್ಚಿಮ ಜರ್ಮನಿ 2 ಅಂತ ಬರೆದು, 2023ರಲ್ಲಿ 'ದ ಲಾಸ್ಟ್ ಆಫ್ ಅಸ್' ಟಿವಿ ಸರಣಿಯಲ್ಲಿ ಬಂದ ಮೇಲೆ ಹೊಸ ಹುಡುಗರು ಹುಡುಕಿಕೊಂಡು ಬಂದರು ಅಂತ ಸೇರಿಸಿ. ನಮ್ಮ ಪ್ಯಾಡ್ ಹುಡುಗ ಈ ಬ್ಯಾಂಡಿಗೆ ಬಿದ್ದಿದ್ದೂ ಆ ದಾರಿಯಲ್ಲೇ.

ಸ್ಥಾನದ ಬಗ್ಗೆ ಜಗಳ ಬಂದರೆ ಅಫಿಷಿಯಲ್ ಚಾರ್ಟ್ಸ್ ಕಂಪನಿಯ ಜಾಲತಾಣದಲ್ಲಿ ವಾರವಾರದ ಪಟ್ಟಿ ಇದೆ, ತೆಗೆದು ನೋಡಿ. ಹಾಡು ಯಾವ ವಾರ ಎಲ್ಲಿತ್ತು, ಏರಿತಾ, ಇಳಿಯಿತಾ, ಎಲ್ಲ ಅಲ್ಲೇ ಸಿಗುತ್ತದೆ. ನಮ್ಮಲ್ಲಿ ನೋಡದೆ ನಂಬರ್ ಹೇಳಿ ತಪ್ಪಿದವರು ಕ್ಯಾತ್ಸಂದ್ರಕ್ಕೆ ಹೋಗಿ ಎಲ್ಲರಿಗೂ ತಟ್ಟೆ ಇಡ್ಲಿ ತರಬೇಕು. ಹತ್ತು ಗಂಟೆ ಒಳಗೆ ಹೊರಡಿ, ಆಮೇಲೆ ಭಾನುವಾರ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗಲ್ಲ. ಚಟ್ನಿ ಬೇರೆ ಕಟ್ಟಿಸಿಕೊಳ್ಳಿ.